ತಳದ ಹುಳುಕು ಅಲ್ಲೇ ಇದ್ದರೂ ಹಲ್ಲು ಉಳಿಯುತ್ತದೆ

ಧಾರವಾಡದಲ್ಲಿರುವ ಅಣ್ಣನ ಮಗಳಿಗೆ 13 ವರ್ಷ. ಪೇಢೆ ತಿಂದು ತಣ್ಣೀರು ಕುಡಿದರೆ ಕೆಳಗಿನ ದವಡೆ ಹಲ್ಲು ಚುರುಕ್ ಅನ್ನುತ್ತಿತ್ತು. ಎಕ್ಸ್-ರೇ ತೆಗೆಸಿದರೆ ಹುಳುಕು ನರದ ಹತ್ತಿರದವರೆಗೂ ಇಳಿದಿತ್ತು. ಮೊದಲು ನೋಡಿದ ಡಾಕ್ಟರು ರೂಟ್ ಕೆನಾಲ್ ಅಂದರು. ನಮ್ಮವ್ವ, ಸುಮ್ನೆ ಕೀಳಿಸಿಬಿಡ್ರಿ ಅಂದಳು. ಹುಡುಗಿ ಫೋನ್ ಮಾಡಿ "ಕಾಕಾ, ಹಲ್ಲು ಕೀಳ್ತಾರೇನ್ರಿ?" ಅಂತ ಅಳುತ್ತಿದ್ದಳು. ಕೊನೆಗೆ ಎರಡೂ ಬೇಕಾಗಲಿಲ್ಲ.

ಹಲ್ಲಿಗೆ ಹುಳ ಹತ್ತಿದೆ ಅಂತೀವಲ್ವಾ, ಅಲ್ಲಿ ಹುಳ ಇರುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಹುಳಿ ಅಳೆಯುವ ಲೆಕ್ಕ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಮೇಲ್ಪದರವಾದ ಎನಾಮೆಲ್ ಕರಗತೊಡಗುತ್ತದೆ. ಅದರ ಕೆಳಗಿನ ಡೆಂಟಿನ್‌ಗೆ ಹುಳುಕು ತಲುಪಿದಾಗ ಎರಡು ಪದರ ಆಗುತ್ತವೆ. ಮೇಲಿನದು ಕೊಳೆತು ಮೆತ್ತಗಾದ, ಬ್ಯಾಕ್ಟೀರಿಯಾ ತುಂಬಿದ ಪದರ. ಕೆಳಗಿನದು ಖನಿಜ ಕಳೆದುಕೊಂಡು ಚರ್ಮದ ಹಾಗೆ ಆಗಿರುತ್ತದೆ, ಆದರೆ ಅದರ ಹಂದರ ಇನ್ನೂ ಗಟ್ಟಿ ಇರುತ್ತದೆ, ಖನಿಜ ಸಿಕ್ಕರೆ ಅದು ಮತ್ತೆ ಗಟ್ಟಿಯಾಗಬಲ್ಲದು.

ಹಿಂದೆಲ್ಲ ಗಟ್ಟಿ ಡೆಂಟಿನ್ ಸಿಗುವವರೆಗೂ ಕೆರೆಯುತ್ತಿದ್ದರು. ಆಳದ ಹುಳುಕಿನಲ್ಲಿ ಹಾಗೆ ಕೆರೆಯುತ್ತಾ ಹೋದರೆ ಎಷ್ಟೋ ಸಲ ನರವೇ ತೆರೆದುಕೊಳ್ಳುತ್ತದೆ, ಉಳಿಯಬಹುದಾಗಿದ್ದ ಹಲ್ಲು ರೂಟ್ ಕೆನಾಲ್‌ಗೆ ಹೋಗುತ್ತದೆ. 2016ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಕೂಡಿ, ಹೀಗೆ ಪೂರ್ತಿ ಕೆರೆಯುವುದು ಬೇಕಿಲ್ಲದ ಅತಿಚಿಕಿತ್ಸೆ ಅಂತಲೇ ಹೇಳಿದರು.

ಈಗ ಮಾಡುವುದು ಹೀಗೆ. ಗುಳಿಯ ಅಂಚನ್ನು ಸುತ್ತಲೂ ಗಟ್ಟಿ ಸಿಗುವವರೆಗೆ ಶುದ್ಧ ಮಾಡುತ್ತಾರೆ. ನರದ ಮೇಲಿರುವ ತಳದ ಮೆತ್ತನೆಯ ಭಾಗ ಮುಟ್ಟುವುದಿಲ್ಲ. ಮೇಲೆ ಬಿಗಿಯಾಗಿ ಸಿಮೆಂಟ್ ತುಂಬುತ್ತಾರೆ. ಕೊಳೆ ಒಳಗೇ ಬಿಟ್ಟರೆ ಹಬ್ಬುವುದಿಲ್ವಾ ಅಂತ ನನಗೂ ಹೆದರಿಕೆಯಾಗಿತ್ತು. ಆದರೆ ಮೇಲಿನಿಂದ ಸಕ್ಕರೆ ಬರುವುದು ನಿಂತ ಮೇಲೆ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ, ಉಳಿದವು ಸೊರಗಿ ಸುಮ್ಮನಾಗುತ್ತವೆ. ಅಷ್ಟರಲ್ಲಿ ಒಳಗಿನ ತಿರುಳು, ಅಂದರೆ ನಾವು ನರ ಅನ್ನುವ, ರಕ್ತನಾಳ, ನರ, ಜೀವಕೋಶ ಎಲ್ಲ ಇರುವ ಭಾಗ, ತನ್ನ ಗೋಡೆಗೆ ಒಳಗಿನಿಂದಲೇ ಹೊಸ ಡೆಂಟಿನ್ ಕಟ್ಟಿಕೊಳ್ಳುತ್ತದೆ. ನನಗೆ ಇದೇ ಅದ್ಭುತ ಅನಿಸುವುದು. ಆದ್ದರಿಂದಲೇ ಅಂಚು ಬಿಗಿಯಾಗಿ ಮುಚ್ಚುವುದು ಇಷ್ಟು ಮುಖ್ಯ. ಅಲ್ಲಿ ಸೋರಿದರೆ ಎಲ್ಲ ಕೆಟ್ಟಿತು.

ತುಂಬಲು 1972ರಲ್ಲಿ ಬಂದ ಗ್ಲಾಸ್ ಅಯಾನೋಮರ್ ಅನ್ನುವ ಸಿಮೆಂಟ್ ಈಗಲೂ ನಡೆಯುತ್ತದೆ. ಅದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಕೂಡ ಬಿಡುತ್ತದೆ. ನರಕ್ಕೆ ತೀರಾ ಹತ್ತಿರ ಇದ್ದರೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಹಚ್ಚುವುದುಂಟು.

ಇದು ಎಲ್ಲ ಹಲ್ಲಿಗೂ ಆಗುವುದಿಲ್ಲ. ತಣ್ಣಗೆ ಮುಟ್ಟಿಸಿದಾಗ ಚುರುಕ್ ಅಂದು ತಕ್ಷಣ ನಿಂತರೆ ತಿರುಳು ಚೇತರಿಸಿಕೊಳ್ಳಬಹುದು. ನೋವು ಹೊತ್ತುಗಟ್ಟಲೆ ಉಳಿದರೆ, ರಾತ್ರಿ ತಾನಾಗಿ ಎದ್ದು ನಿದ್ದೆಗೆಡಿಸಿದರೆ, ಒಸಡಿನಲ್ಲಿ ಕೀವು ಕಂಡರೆ ಮಾತೇ ಬೇರೆ, ಲವಂಗ ಇಟ್ಟುಕೊಂಡು ದಿನ ದೂಡಬಾರದು. ನೋವು ಇಲ್ಲದಿದ್ದರೂ ಹಲ್ಲು ಸತ್ತಿರಬಹುದು. ಹಾಗಾಗಿ ಡಾಕ್ಟರನ್ನು ನೇರ ಕೇಳಿ: ಹಲ್ಲಿಗೆ ಜೀವ ಇದೆಯೇನ್ರಿ, ಪರೀಕ್ಷೆ ಮಾಡಿದಿರೇನ್ರಿ?

ನಮ್ಮ ಹುಡುಗಿಗೆ ಎರಡನೇ ಡಾಕ್ಟರು ಮಾಡಿದ ಮೊದಲ ಕೆಲಸ ಅದೇ, ಹತ್ತಿ ತಣ್ಣಗೆ ಮಾಡಿ ಹಲ್ಲಿಗೆ ಮುಟ್ಟಿಸಿದ್ದು. ಒಂದೇ ಸಲಕ್ಕೆ ತುಂಬಿ ಕಳಿಸಿದರು. ಆರು ತಿಂಗಳ ಮೇಲೆ ಎಕ್ಸ್-ರೇ ತೆಗೆದರೆ ಬೇರಿನ ತುದಿಯಲ್ಲಿ ಸೋಂಕಿನ ಗುರುತು ಏನೂ ಇರಲಿಲ್ಲ. ಹತ್ತಿ ಮುಟ್ಟಿಸಿದರು, ಚುರುಕ್ ಅಂತು ಕಾಕಾ, ಅಲ್ಲೇ ನಿಂತಿತು ಅಂದಳು.