ಸೋಮವಾರದ ತೊಡೆ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣವಲ್ಲ

ಕಂಬಳದ ಸೀಸನ್ ಶುರುವಾದರೆ ಸಾಕು, ಸೋಮವಾರ ಬೆಳಿಗ್ಗೆ ಮಂಗಳೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಕೋಣ ಓಡಿಸುವ ಹುಡುಗರು ಬರುತ್ತಾರೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. "ತೊಡೆಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಸ್ವಲ್ಪ ಉಜ್ಜಿ ತೆಗೀರಿ" ಅನ್ನುತ್ತಾರೆ. ಪಾಪ, ಯಾರೋ ಹೇಳಿಕೊಟ್ಟ ಮಾತು. ಆದರೆ ಅದು ತಪ್ಪು.

ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಗೆ ಹತ್ತು ಹದಿನೈದು ಸೆಕೆಂಡಿನ ಓಟ. ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಎರಡು ಮೂರು ಸೆಕೆಂಡಿಗೇ ಮುಗಿಯುತ್ತದೆ, ಅದನ್ನು ಮತ್ತೆ ತುಂಬಿಕೊಡುವ ಕ್ರಿಯಾಟಿನ್ ಫಾಸ್ಫೇಟ್ ಇನ್ನೂ ಕೆಲವು ಸೆಕೆಂಡು ಎಳೆಯುತ್ತದೆ. ಆಮ್ಲಜನಕ ಬಳಸಿದರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ ಸಿಗುತ್ತದೆ ನಿಜ, ಆದರೆ ಆ ದಾರಿ ನಿಧಾನ, ಕೋಣದ ಹಿಂದೆ ಓಡುವ ವೇಗಕ್ಕೆ ಸಾಲದು. ಹಾಗಾಗಿ ಕೋಶ ಗ್ಲೂಕೋಸನ್ನು ಅರ್ಧಕ್ಕೇ ಒಡೆದು, ಸಿಕ್ಕ 2 ಎಟಿಪಿಯಲ್ಲೇ ಕೆಲಸ ನಡೆಸುತ್ತದೆ. ಬಹಳ ಬೇಗ ಒಡೆಯುತ್ತದೆ, ಅದೇ ಅದರ ಬಲ.

ಇಲ್ಲಿ ಒಂದು ತೊಡಕು ಇದೆ. ಗ್ಲೂಕೋಸ್ ಒಡೆಯಲು ಎನ್‌ಎಡಿ ಎಂಬ ಸಣ್ಣ ಅಣು ಬೇಕು. ಗ್ಲೂಕೋಸ್‌ನಿಂದ ಬರುವ ಎಲೆಕ್ಟ್ರಾನ್‌ಗಳನ್ನು ತುಂಬಿಕೊಳ್ಳುವ ಅದು ಬಾವಿಯ ಕೊಡಪಾನದ ಹಾಗೆ. ತುಂಬಿದ್ದನ್ನು ಎಲ್ಲಾದರೂ ಸುರಿದರೆ ಮಾತ್ರ ಮತ್ತೆ ಇಳಿಸಬಹುದು, ಅಲ್ವಾ? ಆಮ್ಲಜನಕದ ದಾರಿ ಹಿಂದೆ ಬಿದ್ದಾಗ ಕೋಶ ಅದನ್ನು ಗ್ಲೂಕೋಸ್ ಒಡೆದಾಗ ಸಿಕ್ಕ ಪೈರುವೇಟ್‌ಗೆ ಸುರಿಯುತ್ತದೆ, ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ. ಹುಡುಗರು ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದನ್ನೇ. ಅಂದರೆ ಲ್ಯಾಕ್ಟೇಟ್ ಕಸ ಅಲ್ಲ, ಓಟ ನಿಲ್ಲದಂತೆ ನೋಡಿಕೊಂಡದ್ದೇ ಅದು. ನಮ್ಮ ಕಡೆ 'ಸಣ್ಣ' ಎಂಬ ಇಡ್ಲಿಯಂಥ ತಿಂಡಿಯ ಹಿಟ್ಟಿಗೆ ಕಳ್ಳು ಹಾಕುತ್ತಾರಲ್ಲ, ಅದರಲ್ಲಿರುವ ಯೀಸ್ಟ್‌ಗೂ ಇದೇ ತೊಡಕು. ಅದು ಮಾತ್ರ ಲ್ಯಾಕ್ಟೇಟ್ ಬದಲು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೆಂದ ಸಣ್ಣವನ್ನು ಮುರಿದರೆ ಕಾಣುವ ತೂತುಗಳೆಲ್ಲ ಆ ಗಾಳಿಯವೇ.

ಓಟ ಮುಗಿದ ಮೇಲೆ ಈ ಲ್ಯಾಕ್ಟೇಟನ್ನು ಹೃದಯವೇ ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಯಕೃತ್ತಿನ ಈ ಕೆಲಸವನ್ನು ತೋರಿಸಿಕೊಟ್ಟ ವಿಜ್ಞಾನಿಗಳಾದ ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು. ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮತ್ತೆ ಸೋಮವಾರ ಉಜ್ಜಿ ತೆಗೆಯಲು ಏನಿದೆ ಹೇಳಿ?

ಆ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನದ್ದು. ಕೆಸರಿನಲ್ಲಿ ಓಡಿ, ಕೊನೆಗೆ ಕೋಣಗಳನ್ನು ಎಳೆದು ನಿಲ್ಲಿಸುವಾಗ ತೊಡೆಗೆ ಬೀಳುವ ಭಾರ ಕಡಿಮೆಯೇ? ಓಟ ಆದ ಕೂಡಲೇ ಕೂರಬೇಡಿ, ಕರೆಯ, ಅಂದರೆ ಓಟದ ಕೆಸರು ಗದ್ದೆಯ, ಬದಿಯಲ್ಲಿ ಹತ್ತು ನಿಮಿಷ ನಡೆಯಿರಿ, ಲ್ಯಾಕ್ಟೇಟ್ ಬೇಗ ಇಳಿಯುತ್ತದೆ. ಮರುದಿನದ ನೋವು ಮಾತ್ರ ಎರಡು ಮೂರು ದಿನ ಇರುತ್ತದೆ, ಸುಮ್ನೆ ಹೆದರಬೇಡಿ. ನೋವು ಜಾಸ್ತಿಯಾಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ನನ್ನ ಹತ್ತಿರ ಬರಬೇಡಿ, ಅದೇ ದಿನ ನೇರವಾಗಿ ಆಸ್ಪತ್ರೆಗೆ ಹೋಗಿ.