ಮೋಟರ್ ಮ್ಯಾಗ್ನೆಟ್‌ಗೆ ಬಿಸಿ ಎಲ್ಲಿಂದ ಬರುತ್ತದೆ?

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಾರ್ಖಾನೆಗಳೂ ಪರದಾಡಿದವು. ಪಟ್ಟಿಯಲ್ಲಿ ಡಿಸ್ಪ್ರೋಸಿಯಂ ಇತ್ತು. ಮ್ಯಾಗ್ನೆಟ್ ಬಿಸಿ ತಾಳಲಿ ಅಂತ ಸೇರಿಸುವ ಲೋಹ ಇದು. ಆದರೆ ಆ ಬಿಸಿ ಹುಟ್ಟುವುದೆಲ್ಲಿ ಅಂತ ಮೊದಲು ಕೇಳಬೇಕು, ಅಲ್ವಾ? ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಹಾರ್ಮೋನಿಕ್ಸ್. ಅಂದರೆ, ಮೋಟರ್ ತಿರುಗಿಸುವ ಕಾಂತದ ಅಲೆಯ ಜೊತೆ ನುಸುಳುವ ಬೇಡದ ಅಲೆಗಳು.

1892ರಲ್ಲಿ ವಿದ್ಯುತ್ ಎಂಜಿನಿಯರ್ ಸ್ಟೈನ್‌ಮೆಟ್ಜ್, ಕಾಂತ ಅದಲುಬದಲಾಗುವಾಗ ಕಬ್ಬಿಣದಲ್ಲಾಗುವ ನಷ್ಟಕ್ಕೆ, ಅಂದರೆ ಬಿಸಿಯಾಗಿ ಹೋಗುವ ಶಕ್ತಿಗೆ, ಸೂತ್ರ ಕೊಟ್ಟರು. 1980ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ನಿಯೋಡೈಮಿಯಂ ಲೋಹ ಸೇರಿದ ಬಲವಾದ ಮ್ಯಾಗ್ನೆಟ್ ಬಂತು. 1997ರಲ್ಲಿ ಇಂಥ ಮ್ಯಾಗ್ನೆಟ್ ಮೋಟರ್ ಇದ್ದ ಹೈಬ್ರಿಡ್ ಕಾರು ಟೊಯೊಟಾ ಪ್ರಿಯಸ್ ರಸ್ತೆಗಿಳಿಯಿತು.

ಗಂಟು ಬಿಗಿಯಾದದ್ದು ಆಮೇಲೆ. ಮೋಟರ್ ಚಿಕ್ಕದಾಗಲಿ, ತಾಮ್ರ ಉಳಿಯಲಿ ಅಂತ ಮೋಟರ್‌ನ ನಿಂತ ಭಾಗದ ಕಬ್ಬಿಣದ ಒಂದೊಂದು ಹಲ್ಲಿಗೇ ಸುರುಳಿ ಸುತ್ತುವ ಪದ್ಧತಿ ಹರಡಿತು. 12 ಸ್ಲಾಟ್ (ಹಲ್ಲುಗಳ ನಡುವಿನ ಸಂದು), 10 ಪೋಲ್ (ಮ್ಯಾಗ್ನೆಟ್‌ನ ಧ್ರುವ) ಇದರಲ್ಲಿ ಹೆಸರಾದ ಜೋಡಿ. ಇಲ್ಲಿ ಮ್ಯಾಗ್ನೆಟ್ ಹೊತ್ತ ರೋಟರನ್ನು ತಿರುಗಿಸುವುದು ಐದನೇ ಅಲೆ, ಅಂದರೆ ಒಂದು ಸುತ್ತಿನೊಳಗೆ ಐದು ಸಲ ಏರಿಳಿಯುವ ಅಲೆ. ಅದರ ಜೊತೆಗೇ ಏಳನೇ ಅಲೆ ಉಲ್ಟಾ ದಿಕ್ಕಿಗೆ ಓಡುತ್ತದೆ. ಅದರ ಎತ್ತರ ಐದನೆಯದರ 5/7, ಅಂದರೆ ಸುಮಾರು ಶೇ 71. ಕೆಲಸ ಏನೂ ಮಾಡುವುದಿಲ್ಲ. ಆದರೆ ಸುರುಳಿಯ ಕರೆಂಟಿಗಿಂತ 2.4 ಪಟ್ಟು ಆವರ್ತನದಲ್ಲಿ ಮ್ಯಾಗ್ನೆಟ್ ಮೇಲೆ ಹಾದುಹೋಗುತ್ತದೆ. ನಿಯೋಡೈಮಿಯಂ ಮ್ಯಾಗ್ನೆಟ್‌ನಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಒಳಗೇ ಸುಳಿ ಕರೆಂಟ್ ಎದ್ದು ಅಲ್ಲೇ ಶಾಖವಾಗುತ್ತದೆ.

ಸಾಮಾನ್ಯ ದರ್ಜೆಯ ಮ್ಯಾಗ್ನೆಟ್ ಸುಮಾರು 80 ಡಿಗ್ರಿವರೆಗೆ ಮಾತ್ರ ಸುರಕ್ಷಿತ. ಡಿಸ್ಪ್ರೋಸಿಯಂ ಬೆರೆತದ್ದು 200ರವರೆಗೂ ತಾಳುತ್ತದೆ. ಹೀಗೆ ಬಿಸಿ ತಗ್ಗಿಸುವುದಕ್ಕಿಂತ ಬಿಸಿ ತಾಳುವ ಮ್ಯಾಗ್ನೆಟ್ ಕೊಳ್ಳುವುದೇ ರೂಢಿಯಾಯಿತು. ಆ ಲೋಹ ಅಗ್ಗವಾಗಿ ಸಿಗುತ್ತಿದ್ದಾಗ ಇದು ಯಾರಿಗೂ ತಪ್ಪು ಅನ್ನಿಸಲಿಲ್ಲ.

ಬೇರೆ ದಾರಿಗಳು ಇದ್ದೇ ಇದ್ದವು. ಮ್ಯಾಗ್ನೆಟನ್ನು ಹೋಳು ಮಾಡಿ, ನಡುವೆ ಕರೆಂಟ್ ದಾಟದ ಅಂಟು ಹಚ್ಚಿ ಜೋಡಿಸಿದರೆ ಸುಳಿಗೆ ಸುತ್ತಲು ಜಾಗ ಸಿಗುವುದಿಲ್ಲ. ಆದರೆ ಅಲೆ ಹಾಗೇ ಇರುತ್ತದೆ, ಕೆಲಸವೂ ಜಾಸ್ತಿ. ಸುರುಳಿಯನ್ನು ಹೆಚ್ಚು ಸ್ಲಾಟ್‌ಗಳಿಗೆ ಹಂಚಿ ಸುತ್ತಿದರೆ ಅಲೆಯೇ ತಗ್ಗುತ್ತದೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಇದೇ. ಸ್ವಲ್ಪ ತಾಮ್ರ ಹೆಚ್ಚು ಹೋದರೂ ಪರವಾಗಿಲ್ಲ.

ಮೋಟರ್‌ಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್‌ನದು ಇನ್ನೊಂದು ಕಥೆ. ಅದರ ಸ್ವಿಚ್‌ಗಳಿಂದಲೂ ಬೇಡದ ಅಲೆಗಳು ಹುಟ್ಟುತ್ತವೆ. ಸ್ವಿಚ್‌ಗಳನ್ನು ಬೇಗ ಬೇಗ ಆನ್-ಆಫ್ ಮಾಡಿದರೆ ಮೋಟರ್‌ನಲ್ಲಿ ನಷ್ಟ ಇಳಿದು, ಸ್ವಿಚ್‌ನಲ್ಲಿ ಏರುತ್ತಿತ್ತು. ಕಡಿಮೆ ನಷ್ಟದಲ್ಲಿ ಬೇಗ ಆನ್-ಆಫ್ ಆಗುವ ಸಿಲಿಕಾನ್ ಕಾರ್ಬೈಡ್ ಸ್ವಿಚ್ ಬಂದಮೇಲೆ ಈ ಜಗ್ಗಾಟ ಸಡಿಲವಾಗಿದೆ.

ಈಗ ಕಬ್ಬಿಣದ ಆಕ್ಸೈಡ್‌ನಿಂದ ಮಾಡುವ ಫೆರೈಟ್ ಮ್ಯಾಗ್ನೆಟ್ ಕಡೆ ಕಣ್ಣು ಹೊರಳಿದೆ. ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಸುಳಿಯ ಕಾಟವಿಲ್ಲ. ಆದರೆ ಬಲ ನಿಯೋಡೈಮಿಯಂನದರ ಸುಮಾರು ಮೂರರಲ್ಲೊಂದು ಪಾಲು. ಆ ಕೊರತೆ ತುಂಬಲು ಸುರುಳಿಗೆ ಕರೆಂಟ್ ಜಾಸ್ತಿ ಕೊಟ್ಟರೆ ಬೇಡದ ಅಲೆಗಳೂ ಏರುತ್ತವೆ. ಆಗ ಬಿಸಿಯಾಗುವುದು ತಾಮ್ರ ಮತ್ತು ಕೋರ್‌ನ ಕಬ್ಬಿಣದ ಹಾಳೆಗಳು.