ಮುಳ್ಳಯ್ಯನಗಿರಿ ಹತ್ತಿದವರಿಗೆ ಸ್ಕೀ ಟೂರಿಂಗ್ ಸುಲಭವೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನವನು. ಪ್ರತಿ ಭಾನುವಾರ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುತ್ತೇನೆ. ಎತ್ತಿನಭುಜ, ಜೇನುಕಲ್ಲು ಗುಡ್ಡ ಎಲ್ಲ ಆಗಿವೆ. ಕಳೆದ ಚಳಿಗಾಲದಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್‌ನ ಮೊದಲ ಹಂತದ ತರಬೇತಿ ಮುಗಿಸಿದೆ. ಈಗ, ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲದೆ ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತಿ ಜಾರಿ ಇಳಿಯುವ, ಗೈಡ್ ಜೊತೆಗಿನ ಒಂದು ವಾರದ ಸ್ಕೀ ಟೂರಿಂಗ್‌ಗೆ ಹೋಗುವ ಆಸೆ. ‘ಮಧ್ಯಮ ಮಟ್ಟ’ ಎಂದು ಬರೆದಿದ್ದಾರೆ. ನನ್ನಿಂದ ಆಗುತ್ತದೆಯೇ?

ಉತ್ತರ: ಹತ್ತುವುದು ಆಗುತ್ತದೆ. ಇಳಿಯುವುದು ಈ ವರ್ಷ ಆಗಲಾರದು.

ಬೇಸರಪಡಬೇಡಿ, ನನಗೂ ಹೀಗೇ ಆಗಿತ್ತು. ನಮ್ಮ ಗಿರಿಗಳನ್ನು ಹತ್ತಿ ಬೆಳೆದವರು ‘ಮಧ್ಯಮ’ ಎಂಬ ಪದವನ್ನು ಚಾರಣದ ಅಳತೆಯಲ್ಲಿ ಓದುತ್ತೇವೆ: ಎಷ್ಟು ದೂರ, ಎಷ್ಟು ಏರು, ಊಟ ಎಲ್ಲಿ. ಸ್ಕೀ ಟೂರಿಂಗ್‌ನವರು ಅದೇ ಪದದಲ್ಲಿ ಕೇಳುತ್ತಿರುವುದು ಬೇರೆ. ಯಂತ್ರ ಓಡಿಸಿ ಸಮತಟ್ಟು ಮಾಡದ ಹಿಮದಲ್ಲಿ, ಮೂರು ಗಂಟೆ ಹತ್ತಿ ತೊಡೆ ನಡುಗುತ್ತಿರುವಾಗ, ಬೆನ್ನಮೇಲೆ ಚೀಲ ಹೊತ್ತು, ಬೀಳದೆ ತಿರುಗಿ ತಿರುಗಿ ಇಳಿಯಬಲ್ಲಿರಾ?

ಮೊದಲು ಹತ್ತುವ ವಿಷಯ. ಮಧ್ಯಮ ಮಟ್ಟದ ವಾರದಲ್ಲಿ ದಿನಕ್ಕೆ ಸಾಮಾನ್ಯವಾಗಿ 800ರಿಂದ 1,200 ಮೀಟರ್ ಏರು ಇರುತ್ತದೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ಅಂದರೆ ಪೇಟೆಯಿಂದ ಗಿರಿಯ ತುದಿಯವರೆಗಿನಷ್ಟು ಎತ್ತರವನ್ನು ಐದಾರು ದಿನ ಬೆಳಗ್ಗೆ ಬೆಳಗ್ಗೆ ಏರಬೇಕು, ಒಂದೊಂದು ಕಾಲಿಗೆ ಸ್ಕೀ, ಬೂಟು ಸೇರಿ ಮೂರು ಕಿಲೋ ಆಸುಪಾಸು ಭಾರ ಕಟ್ಟಿಕೊಂಡು. ಗಂಟೆಗೆ 300ರಿಂದ 400 ಮೀಟರ್ ಏರುವ ಸಮಗತಿ ಇದ್ದರೆ ಸಾಕು. ಇದಕ್ಕೆ ನಮ್ಮ ಗಿರಿಶ್ರೇಣಿಗಿಂತ ಒಳ್ಳೆಯ ಗರಡಿಮನೆ ಬೇಕಿಲ್ಲ.

ಜಾರುವ ಹಲಗೆ ಕಟ್ಟಿಕೊಂಡು ಮೇಲಕ್ಕೆ ಹೋಗುವುದು ಹೇಗೆ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಸ್ಕೀಯ ತಳಕ್ಕೆ ‘ಸ್ಕಿನ್’ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ, ಈಗ ನೈಲಾನ್ ಅಥವಾ ಅಂಗೋರಾ ಮೇಕೆಯ ಕೂದಲು. ಹಸುವಿನ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ಜಾರುತ್ತದೆ, ಎದುರು ಸವರಿದರೆ ತಡೆಯುತ್ತದೆ ಅಲ್ಲವೇ, ಹಾಗೆಯೇ ಇದು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿ ಹಿಡಿಯುತ್ತದೆ. ಬೂಟಿನ ತುದಿ ಮಾತ್ರ ಸ್ಕೀಗೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಹವಾಯಿ ಚಪ್ಪಲಿ ಹಾಕಿದಂತೆ ಮೇಲೇಳುತ್ತದೆ. ಮೆಟ್ಟಿಲು ಹತ್ತಿ ರೂಢಿಯಾದವರು ಕಾಲೆತ್ತಿ ಇಡುತ್ತಾರೆ, ಅರ್ಧ ಗಂಟೆಯಲ್ಲಿ ಸುಸ್ತಾಗುತ್ತಾರೆ. ಎತ್ತಬಾರದು, ಹಿಮಕ್ಕೆ ತಾಗಿಸಿಯೇ ಸರಿಸಬೇಕು. ಕಡಿದಾದ ಕಡೆ ಚಾರ್ಮಾಡಿ ಘಾಟಿಯ ರಸ್ತೆಯಂತೆ ಅಡ್ಡಡ್ಡ ಹೋಗಿ ತಿರುವಿನಲ್ಲಿ ಒಂದು ಸ್ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಇಟ್ಟು, ಇನ್ನೊಂದರ ಹಿಮ್ಮಡಿಯನ್ನು ಒದ್ದು ಎಳೆದುಕೊಳ್ಳಬೇಕು. ಇದಕ್ಕೆ ಕಿಕ್ ಟರ್ನ್ ಎನ್ನುತ್ತಾರೆ. ಮನೆಯ ಅಂಗಳದಲ್ಲಿಯೂ ಅಭ್ಯಾಸ ಮಾಡಬಹುದು, ನೋಡುವವರು ನಗುತ್ತಾರೆ ಅಷ್ಟೇ.

ತುದಿ ಮುಟ್ಟಿದ ಮೇಲೆ ಸ್ಕಿನ್ ಕಿತ್ತು, ಮಡಚಿ, ಅಂಟು ಹೆಪ್ಪುಗಟ್ಟದಂತೆ ಜಾಕೆಟ್ಟಿನೊಳಗೆ ಇಟ್ಟುಕೊಂಡು, ಹಿಮ್ಮಡಿಯನ್ನು ಬಿಗಿ ಮಾಡುತ್ತೀರಿ. ನಿಜವಾದ ಪರೀಕ್ಷೆ ಇಲ್ಲಿಂದ ಶುರು.

ಮೊದಲ ತರಬೇತಿ ಮುಗಿಸಿದ ಮರುವರ್ಷ ನಾನು ಹೀಗೆ ಹೊರಟಿದ್ದೆ. ಹತ್ತುವಾಗ ಗೈಡ್‌ನ ಬೆನ್ನಿಗೇ ಇದ್ದೆ, ಸ್ವಲ್ಪ ಜಂಬವೂ ಇತ್ತು. ಇಳಿಯುವಾಗ ಹಿಮದ ಮೇಲೆ ಹಪ್ಪಳದಂಥ ಪದರ, ಕೆಳಗೆ ಹಿಟ್ಟು. ತಿರುಗಲು ಹೋದಾಗಲೆಲ್ಲ ಹಪ್ಪಳ ಮುರಿದು ಸ್ಕೀ ಒಳಹೊಕ್ಕಿತು. ಹನ್ನೊಂದು ಸಲ ಬಿದ್ದೆ. ಎದ್ದು ನಿಲ್ಲಲು ಕೋಲು ಊರಿದರೆ ಕೋಲೇ ಹಿಡಿಯವರೆಗೆ ಮುಳುಗುತ್ತಿತ್ತು. ಎರಡೂ ಕೋಲುಗಳನ್ನು ಹಿಮದ ಮೇಲೆ ಕತ್ತರಿಯಂತೆ ಮಲಗಿಸಿ, ಅವು ಕೂಡುವಲ್ಲಿ ಅಂಗೈ ಊರಿ ಏಳಬೇಕೆಂದು ಗೈಡ್ ತೋರಿಸಿಕೊಟ್ಟರು. ಉಳಿದ ಐವರು ಕೆಳಗೆ ನನಗಾಗಿ ಕಾದು ಕೈಕಾಲು ಮರಗಟ್ಟಿಸಿಕೊಂಡರು. ಬಿದ್ದದ್ದಕ್ಕಿಂತ ಅದೇ ಹೆಚ್ಚು ನಾಚಿಕೆಯಾಯಿತು.

‘ಗೈಡ್ ಇದ್ದಾರಲ್ಲ’ ಎಂಬ ಮಾತಿಗೂ ಉತ್ತರ ಹೇಳಬೇಕು. ಇದು ಭದ್ರಾ ಕಾಡಿನ ಸಫಾರಿ ಜೀಪಲ್ಲ, ಕುಳಿತು ನೋಡಿ ಬರಲು. ಶಿರಾಡಿಯಲ್ಲಿ ಮಳೆಗೆ ಗುಡ್ಡ ಜರಿಯುವುದನ್ನು ಕಂಡವರಿಗೆ ಹಿಮಕುಸಿತ ಅರ್ಥವಾಗುತ್ತದೆ: ಗಟ್ಟಿ ಪದರದ ಕೆಳಗೆ ಸಡಿಲ ಪದರವಿದ್ದರೆ ಮೇಲಿನದು ಹಲಗೆಯಂತೆ ಕಳಚಿ ಜಾರುತ್ತದೆ. ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಸ್ಕೀ ಮಾಡಲು ಆಸೆ ಹುಟ್ಟಿಸುವ ಇಳಿಜಾರುಗಳೂ ಅವೇ. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹೀಗೆ ತೀರಿಕೊಂಡರು. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷಗಳ ನಂತರ ಕಡಿದು ಬೀಳುತ್ತದೆ. ಅಷ್ಟರೊಳಗೆ ಯಾವ ಹೆಲಿಕಾಪ್ಟರೂ ಬರುವುದಿಲ್ಲ, ಪಕ್ಕದಲ್ಲಿರುವವರೇ ಅಗೆಯಬೇಕು. ಹೂತವರು ಗೈಡ್ ಆಗಿದ್ದರೆ ಹುಡುಕಬೇಕಾದವರು ನೀವು.

ಅದಕ್ಕೇ ಪ್ರತಿಯೊಬ್ಬರೂ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಮಡಚುವ ಉದ್ದ ಸರಳು, ಸಲಿಕೆ ಒಯ್ಯುವುದು. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುತ್ತದೆ, ಹುಡುಕುವಾಗ ಅದೇ ಸಂಕೇತವನ್ನು ಹಿಡಿಯುತ್ತದೆ. ಮೊಬೈಲನ್ನು ಅದರಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು. ಮೊದಲ ದಿನ ಬೀಕನ್ ಹೂತಿಟ್ಟು ಹುಡುಕಿಸದ ಗೈಡ್ ಸಿಕ್ಕರೆ ಅಲ್ಲಿಂದಲೇ ವಾಪಸಾಗಿ.

ಇನ್ನು ಗಾಳಿ. ಗುಲ್ಮಾರ್ಗ್‌ನ ಗೊಂಡೋಲಾ (ಕೇಬಲ್ ಕಾರು) ನಿಮ್ಮನ್ನು ಕೆಲವೇ ನಿಮಿಷಗಳಲ್ಲಿ ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರ ಆಸುಪಾಸು. ಎರಡು ದಿನ ಕೆಳಗೇ ಕಳೆದು ಹೋಗಿ.

ಹಾಗಾದರೆ ಏನು ಮಾಡಬೇಕು? ಬರುವ ಚಳಿಗಾಲದಲ್ಲಿ ಟೂರಿಂಗ್ ಬಿಟ್ಟು, ಲಿಫ್ಟ್ ಇರುವ ಕಡೆ ಹತ್ತು ಹನ್ನೆರಡು ದಿನ ಬರೀ ಇಳಿಯಿರಿ. ಲಿಫ್ಟ್‌ನಲ್ಲಿ ಒಂದೇ ದಿನ ಹತ್ತು ಸಲ ಇಳಿಯಬಹುದು. ಟೂರಿಂಗ್‌ನಲ್ಲಿ ದಿನಕ್ಕೆ ಸಿಗುವುದು ಹೆಚ್ಚಾಗಿ ಒಂದೇ ಇಳಿತ, ಕಲಿಯಲು ಅದು ಸಾಲದು. ಎರಡೂ ಸ್ಕೀ ಜೋಡಿಯಾಗಿ ತಿರುಗುವುದು ರೂಢಿಯಾದ ಮೇಲೆ ಯಂತ್ರ ಓಡಿಸಿದ ದಾರಿಯ ಅಂಚಿನ, ಸಮತಟ್ಟು ಮಾಡದ ಹಿಮಕ್ಕೆ ಕಾಲಿಡಿ. ಅಲ್ಲಿ ಬೀಳದೆ ಬಂದರೆ ಮರುವರ್ಷ ಹಣ ಕಟ್ಟಿ. ವಿಮೆ ಮಾಡಿಸುವಾಗ ಲಿಫ್ಟ್‌ನ ದಾರಿಯಾಚೆಗಿನ ಸ್ಕೀಯಿಂಗ್ ಸೇರಿದೆಯೇ ನೋಡಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಹೆಚ್ಚಾಗಿ ಇರುವುದಿಲ್ಲ.

ಕಾಫಿ ತೋಟದವರಾದರೆ ಇನ್ನೊಂದು ತೊಡಕು. ಗುಲ್ಮಾರ್ಗ್‌ನ ಒಳ್ಳೆಯ ಹಿಮ ಜನವರಿ, ಫೆಬ್ರವರಿಯದು, ಇಲ್ಲಿ ಕೊಯ್ಲಿನ ಕಾಲ. ಆಲ್ಪ್ಸ್‌ನ ಎತ್ತರದ ಟೂರಿಂಗ್ ಮಾರ್ಚ್, ಏಪ್ರಿಲ್‌ನಲ್ಲಿ, ಅದು ನಾವು ಹೂಮಳೆಗೆ ಆಕಾಶ ನೋಡುವ ಹೊತ್ತು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಯಾರು ನೋಡಿಕೊಳ್ಳುತ್ತಾರೆ ಎಂದು ಮನೆಯಲ್ಲಿ ಗೊತ್ತು ಮಾಡಿಕೊಂಡೇ ಟಿಕೆಟ್ ಮಾಡಿಸಿ.